ಹವಾಮಾನಸ್ನೇಹಿ ಕೃಷಿ ಪದ್ಧತಿಗಳು ಮತ್ತು ಸಣ್ಣ ರೈತರು: ಸಾಮಾಜಿಕ ಕಾರಣಗಳ ಅಧ್ಯಯನ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)



2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಇಂತಹ ವರ್ಷಗಳನ್ನು ಎದುರಿಸಲು ಕೃಷಿ ಹೊಂಡ, ಬದು, ಹನಿ ನೀರಾವರಿ, ಕೂರಿಗೆ ಭತ್ತ, ಮಿಶ್ರಬೆಳೆ, ಬರ ಸಹಿಸುವ ತಳಿ ಮೊದಲಾದ ಉಪಾಯಗಳು ಇವೆ. ಅವುಗಳಲ್ಲಿ ಹಲವಕ್ಕೆ ಸಹಾಯಧನವೂ ಇದೆ. ಆದರೂ ಒಂದೇ ಪಂಚಾಯಿತಿಯ ಒಂದು ಊರಿನಲ್ಲಿ ಬೇರೂರಿದ ಪದ್ಧತಿ ಪಕ್ಕದ ಊರಿನಲ್ಲಿ ಕಾಲಿಡದಿರುವುದನ್ನು ನಾವು ಕಾಣುತ್ತೇವೆ. ಮಣ್ಣು ಒಂದೇ, ಮಳೆ ಒಂದೇ, ಯೋಜನೆಯೂ ಒಂದೇ. ವ್ಯತ್ಯಾಸವಿರುವುದು ಜನರ ಪರಿಸ್ಥಿತಿಯಲ್ಲಿ. ಅದನ್ನು ಅರಿಯುವುದೇ ಈ ಪಾಠದ ಉದ್ದೇಶ.

1. ಹಿಡುವಳಿಯ ಗಾತ್ರ ಮತ್ತು ನಷ್ಟದ ಭಯ

2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಹಿಡುವಳಿಗಳಲ್ಲಿ ಸುಮಾರು ಶೇ. 80ರಷ್ಟು 2 ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದವು. ಇವರೇ ನಮ್ಮ ಸಣ್ಣ ಮತ್ತು ಅತಿ ಸಣ್ಣ ರೈತರು.

ಒಂದು ಸರಳ ಲೆಕ್ಕ ನೋಡೋಣ. ಕೃಷಿ ಹೊಂಡ, ಅದರ ಸುತ್ತಲಿನ ಏರಿ ಮತ್ತು ಹೂಳು ತಡೆಯುವ ಗುಂಡಿ ಸೇರಿ 20 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗ ಬೇಕೆಂದು ಇಟ್ಟುಕೊಳ್ಳೋಣ. ಅದು ಸುಮಾರು 4 ಗುಂಟೆ. ಹತ್ತು ಎಕರೆಯ ರೈತನಿಗೆ ಅದು ನೂರರಲ್ಲಿ ಒಂದು ಪಾಲು. ಒಂದು ಎಕರೆಯ ರೈತನಿಗೆ ಹತ್ತರಲ್ಲಿ ಒಂದು ಪಾಲು. ಇಬ್ಬರಿಗೂ ಒಂದೇ ಸಹಾಯಧನ ದೊರೆತರೂ ಇಬ್ಬರೂ ತೆರುವ ಬೆಲೆ ಒಂದೇ ಅಲ್ಲ. ಸಣ್ಣ ರೈತ ಹಿಂಜರಿದರೆ ಅದನ್ನು ಅಜ್ಞಾನವೆಂದು ತಿಳಿಯಬಾರದು. ಅದು ಅವನ ಲೆಕ್ಕಾಚಾರ.

ಹೊಂಡದ ಪ್ರಯೋಜನವನ್ನೂ ಇದೇ ರೀತಿ ಲೆಕ್ಕದಲ್ಲಿ ತಿಳಿಸಬೇಕು. ಒಂದು ಎಕರೆಗೆ 25 ಮಿ.ಮೀ. ನೀರು ಕೊಡಲು ಸುಮಾರು 1 ಲಕ್ಷ ಲೀಟರ್ ಬೇಕು. ತೆನೆ ಕಟ್ಟುವ ಹೊತ್ತಿಗೆ ಮಳೆ ಹೋದಾಗ ಅಷ್ಟು ನೀರು ಬೆಳೆಯನ್ನು ಉಳಿಸಬಲ್ಲದು. "ಹೊಂಡ ಒಳ್ಳೆಯದು" ಎಂಬ ಮಾತಿಗಿಂತ ಈ ಲೆಕ್ಕ ಹೆಚ್ಚು ಮನವರಿಕೆ ಮಾಡಿಕೊಡುತ್ತದೆ. ಸಣ್ಣ ಮಕ್ಕಳಿರುವ ಮನೆಯವರು ಹೊಂಡವೆಂದರೆ ಹೆದರುವುದೂ ಸಹಜ. ಬೇಲಿಯಿಲ್ಲದ ಹೊಂಡದಲ್ಲಿ ಒಂದು ಮಗು ಜಾರಿಬಿದ್ದರೆ ಇಡೀ ಊರು ಹೊಂಡ ಬೇಡವೆನ್ನುತ್ತದೆ. ಆದ್ದರಿಂದ ತಂತಿಬೇಲಿಯನ್ನು ಕಾಮಗಾರಿಯ ಭಾಗವೆಂದೇ ಪರಿಗಣಿಸಬೇಕು.

2. ಪಹಣಿ ಯಾರ ಹೆಸರಿನಲ್ಲಿದೆ?

ಸಹಾಯಧನದ ಬಾಗಿಲು ಪಹಣಿ. ಆದರೆ ಎಷ್ಟೋ ಮನೆಗಳಲ್ಲಿ ಪಹಣಿ ಇಂದಿಗೂ ತೀರಿಹೋದ ತಾತನ ಹೆಸರಿನಲ್ಲಿದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಬೇರೆ ಬೇರೆ ಉಳುಮೆ ಮಾಡುತ್ತಿರುತ್ತಾರೆ. ಅವರಲ್ಲಿ ಯಾರೂ ದಾಖಲೆಯಲ್ಲಿ ರೈತರಲ್ಲ.

ಗೇಣಿಗೆ ಉಳುವವರ ಸ್ಥಿತಿ ಇನ್ನೂ ಕಠಿಣ. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಕೆಲವೇ ವಿನಾಯಿತಿಗಳನ್ನು ಬಿಟ್ಟು ಕೃಷಿಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. ಆದರೆ ಕೋರು, ಪಾಲು, ಲಾವಣಿ ಎಂಬ ಹೆಸರುಗಳಲ್ಲಿ ಬಾಯಿಮಾತಿನ ಒಪ್ಪಂದ ನಡೆದೇ ಇದೆ. ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿರುವುದೋ ಇಲ್ಲವೋ ತಿಳಿಯದವನು ಬದು ಹಾಕಿಸುವುದಿಲ್ಲ, ಮರ ನೆಡುವುದಿಲ್ಲ, ಮೂರು ವರ್ಷಕ್ಕೆ ಫಲ ಕೊಡುವ ಸಾವಯವ ಗೊಬ್ಬರಕ್ಕೆ ದುಡ್ಡು ಹಾಕುವುದಿಲ್ಲ. ಅಂತಹವರಿಗೆ ಅದೇ ಹಂಗಾಮಿನಲ್ಲಿ ಫಲ ಕೊಡುವ ತಳಿ, ಬಿತ್ತನೆ ವಿಧಾನ, ಅಕ್ಕಡಿ ಸಾಲುಗಳನ್ನು ಪರಿಚಯಿಸುವುದು ಸೂಕ್ತ.

3. ಮಹಿಳೆಯರ ದುಡಿಮೆ

2015-16ರ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು ಸುಮಾರು ಶೇ. 14 ಮಾತ್ರ. ಆದರೆ ಬೀಜ ಹಸನು ಮಾಡುವುದು, ನಾಟಿ, ಕಳೆ, ದನಕರು ಇವೆಲ್ಲ ಬಹುಪಾಲು ಅವರ ಕೈಯಲ್ಲೇ ಇವೆ. ತರಬೇತಿಗೆ ಪಹಣಿದಾರನನ್ನು ಕರೆದರೆ, ಕಲಿತವನು ಒಬ್ಬ, ಕೆಲಸ ಮಾಡುವವಳು ಮತ್ತೊಬ್ಬಳು ಎಂಬಂತಾಗುತ್ತದೆ. ಸಂಜೆಯ ಹೊತ್ತಿನಲ್ಲಿ, ದೂರದ ಹೋಬಳಿ ಕೇಂದ್ರದಲ್ಲಿ ನಡೆಯುವ ತರಬೇತಿಗೆ ಅವರು ಬರುವುದೂ ಕಷ್ಟ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಭತ್ತವನ್ನು ನಾಟಿ ಮಾಡದೆ ಕೂರಿಗೆಯಿಂದ ಬಿತ್ತಿದರೆ ನೀರು ಉಳಿಯುತ್ತದೆ, ನಿಂತ ನೀರಿನ ಗದ್ದೆಯಿಂದ ಹೊರಡುವ ಮೀಥೇನ್ ಅನಿಲವೂ ತಗ್ಗುತ್ತದೆ. ನಾಟಿಯ ಕೂಲಿಯೂ ಉಳಿಯುತ್ತದೆ. ಆದರೆ ಹೊಲದ ಯಜಮಾನನಿಗೆ ಉಳಿದ ಆ ಕೂಲಿ ಭೂಮಿಯಿಲ್ಲದ ಮನೆಯ ಹೆಣ್ಣುಮಕ್ಕಳ ಮಳೆಗಾಲದ ಸಂಪಾದನೆಯಾಗಿತ್ತು. ಆದ್ದರಿಂದ ಕೂರಿಗೆ ಭತ್ತ ಹರಡುವ ಊರುಗಳಲ್ಲಿ ನಾಟಿಯ ತಿಂಗಳುಗಳಿಗೆ ಪರ್ಯಾಯ ಕೂಲಿ ಕೆಲಸಗಳನ್ನು ಮೊದಲೇ ಯೋಜಿಸಿಡುವುದು ಪಂಚಾಯಿತಿಯ ಹೊಣೆ.

4. ಕಂಡು ನಂಬುವುದು

ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಮುಸುಕಿನ ಜೋಳದ ಬೀಜ ರೈತರಲ್ಲಿ ಹರಡಿದ ಬಗೆಯನ್ನು ರಯಾನ್ ಮತ್ತು ಗ್ರಾಸ್ ಎಂಬ ಸಂಶೋಧಕರು ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. ಬೀಜದ ವಿಷಯ ಹೆಚ್ಚಿನವರಿಗೆ ಮೊದಲು ತಿಳಿದದ್ದು ಮಾರಾಟಗಾರರಿಂದ. ಆದರೆ ಅದನ್ನು ಒಪ್ಪುವಲ್ಲಿ ನೆರೆಹೊರೆಯ ರೈತರ ಪ್ರಭಾವ ದೊಡ್ಡದು. ಮೊದಲ ವರ್ಷ ಸ್ವಲ್ಪ ಜಾಗದಲ್ಲಿ ಪರೀಕ್ಷಿಸಿ ನೋಡಿದ ನಂತರವೇ ಅವರು ವಿಸ್ತರಿಸಿದರು. ನಮ್ಮ ಊರುಗಳ ಅನುಭವವೂ ಬೇರೆಯಲ್ಲ.

ಹಾವೇರಿ ಭಾಗದ ಗುಳಿ ರಾಗಿ ಪದ್ಧತಿ ರೈತರೇ ರೂಢಿಸಿಕೊಂಡದ್ದು. ರಾಗಿಯ ಸಸಿಯನ್ನು ಅಗಲ ಅಂತರದ ಗುಳಿಗಳಲ್ಲಿ ನೆಟ್ಟು, ಕೊರಡು ಎಳೆದು ಸಸಿ ಬಾಗಿಸಿ ಹೆಚ್ಚು ತೆಂಡೆ ಒಡೆಯುವಂತೆ ಮಾಡುವ ಈ ವಿಧಾನಕ್ಕೆ ಬೇಕಾದದ್ದು ಊರಿನಲ್ಲೇ ಇರುವ ಸಲಕರಣೆ ಮತ್ತು ಮುಯ್ಯಾಳುಗಳು. ತಿಳಿದ ಕೆಲಸಕ್ಕೆ ಹೊಂದಿಕೊಳ್ಳುವ, ಸಣ್ಣದಾಗಿ ಪರೀಕ್ಷಿಸಬಹುದಾದ, ಫಲ ಕಣ್ಣಿಗೆ ಕಾಣುವ ಪದ್ಧತಿ ಬೇಗ ಹರಡುತ್ತದೆ.

ಹಾಗಾದರೆ ಪ್ರಾತ್ಯಕ್ಷಿಕೆಯ ತಾಕು ಯಾರ ಹೊಲದಲ್ಲಿರಬೇಕು? ರಸ್ತೆ ಬದಿಯ, ಕೊಳವೆಬಾವಿಯಿರುವ, ಪ್ರಭಾವಿಯ ಹೊಲದಲ್ಲಿದ್ದರೆ, "ಅವರಿಗಾದೀತು, ನಮಗಲ್ಲ" ಎಂದು ಮಳೆಯಾಶ್ರಿತ ರೈತ ಮುಂದೆ ಸಾಗುತ್ತಾನೆ. ಪರಿಶಿಷ್ಟರ ಕೇರಿಯವರ ಹೊಲಗಳ ನಡುವೆಯೂ ಒಂದು ತಾಕು ಇರಲಿ. ಒಬ್ಬರ ಹೊಲಕ್ಕೆ ಮತ್ತೊಬ್ಬರು ಹೋಗಲು, ಪ್ರಶ್ನೆ ಕೇಳಲು ಸಂಕೋಚವಿರುವ ಊರಿನಲ್ಲಿ ಒಂದೇ ತಾಕು ಎಲ್ಲರಿಗೂ ಪಾಠವಾಗದು.

5. ಒಬ್ಬನಿಂದ ಆಗದ ಕೆಲಸಗಳು

ಮೇಲಿನ ಹೊಲದವನು ಬದು ಹಾಕದಿದ್ದರೆ ಕೆಳಗಿನವನ ಬದು ಮೊದಲ ದೊಡ್ಡ ಮಳೆಗೇ ಕೊಚ್ಚಿಹೋಗುತ್ತದೆ. ಸುಗ್ಗಿಯ ನಂತರ ದನ, ಕುರಿಗಳನ್ನು ಬಯಲಿಗೆ ಬಿಡುವ ರೂಢಿಯಿರುವಲ್ಲಿ ಒಬ್ಬನೇ ಹಸಿರೆಲೆ ಗೊಬ್ಬರದ ಬೆಳೆಯನ್ನಾಗಲಿ, ಬದುವಿನ ಮೇಲಿನ ಸಸಿಗಳನ್ನಾಗಲಿ ಉಳಿಸಿಕೊಳ್ಳಲಾರ. ಕುರಿಗಾಹಿಗಳಿಗೂ ಮೇವು ಬೇಕು. ಅವರನ್ನು ಹೊರಗಿಟ್ಟು ಮಾಡಿದ ನಿರ್ಣಯ ಜಗಳಕ್ಕೆ ದಾರಿ. ರಾಜ್ಯದ ಸುಜಲ ಜಲಾನಯನ ಯೋಜನೆಯಲ್ಲಿ ಅಕ್ಕಪಕ್ಕದ ಹೊಲದವರನ್ನು ಗುಂಪುಗಳಾಗಿ ಸೇರಿಸಿ ಯೋಜನೆ ರೂಪಿಸಿದ್ದು ಇದೇ ಕಾರಣಕ್ಕೆ. ಇಲಾಖೆಯು ತಾಂತ್ರಿಕ ಸಲಹೆ ನೀಡಬಹುದು. ಊರನ್ನು ಒಂದು ಮಾತಿಗೆ ತರುವ ಶಕ್ತಿ ಇರುವುದು ತಮ್ಮಲ್ಲಿ.

ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

(ಅ) ವಾರ್ಡ್ ಸಭೆಗೆ ಮುನ್ನ, ಪಹಣಿ ಹಿರಿಯರ ಹೆಸರಿನಲ್ಲೇ ಉಳಿದಿರುವ ಕುಟುಂಬಗಳ ಪಟ್ಟಿ ಮಾಡಿ, ಗ್ರಾಮ ಆಡಳಿತಾಧಿಕಾರಿಯವರೊಂದಿಗೆ ಸೇರಿ ಪೌತಿ ಖಾತೆಗೆ ಅರ್ಜಿ ಹಾಕಿಸುವುದು.

(ಆ) ರೈತ ಸಂಪರ್ಕ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರದವರು ತಾಕು ಆಯ್ಕೆ ಮಾಡುವಾಗ, ಒಂದು ತಾಕಾದರೂ ಎರಡೂವರೆ ಎಕರೆಯೊಳಗಿನ ಮಳೆಯಾಶ್ರಿತ ರೈತರದಾಗಿರಲಿ ಎಂದು ಕೋರುವುದು.

(ಇ) ತರಬೇತಿಯ ಸ್ಥಳ ಮತ್ತು ಸಮಯವನ್ನು ಸ್ವಸಹಾಯ ಸಂಘಗಳೊಂದಿಗೆ ಚರ್ಚಿಸಿ ನಿಗದಿಪಡಿಸುವುದು. ಕೃಷಿ ಸಖಿಯರ ನೆರವು ಪಡೆಯುವುದು.

(ಈ) ಬದು ಕಾಮಗಾರಿಯನ್ನು ಬಿಡಿ ಅರ್ಜಿಗಳಂತೆ ಕೈಗೊಳ್ಳದೆ, ಇಳಿಜಾರಿನ ಮೇಲಿನಿಂದ ಕೆಳಕ್ಕೆ ಸಾಲಾಗಿ ಕೈಗೊಳ್ಳುವುದು.

(ಉ) ಬಯಲು ಮೇಯಿಸುವ ಅವಧಿ ಮತ್ತು ಸ್ಥಳವನ್ನು ಕುರಿಗಾಹಿಗಳ ಸಮ್ಮುಖದಲ್ಲಿ ಗ್ರಾಮಸಭೆಯಲ್ಲಿ ನಿರ್ಧರಿಸುವುದು.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ವಾರ್ಡಿನಲ್ಲಿ ಕೃಷಿ ಹೊಂಡ ಪಡೆದವರ ಹಿಡುವಳಿ ಎಷ್ಟು? ಒಂದು ಎಕರೆಯವರು ಅವರಲ್ಲಿ ಎಷ್ಟು ಮಂದಿ?

2. ಸಹಾಯಧನ ಪಡೆದು, ಎರಡು ವರ್ಷದ ನಂತರ ಬಳಕೆ ಬಿಟ್ಟವರು ಇದ್ದಾರೆಯೇ? ಕಾರಣವನ್ನು ಅವರ ಬಾಯಿಂದಲೇ ಕೇಳಿದ್ದೀರಾ?

3. ಕಳೆದ ತರಬೇತಿಯಲ್ಲಿ ಎಷ್ಟು ಮಹಿಳೆಯರು, ಎಷ್ಟು ಮಂದಿ ಪಾಲಿಗೆ ಉಳುವವರು ಭಾಗವಹಿಸಿದ್ದರು?

ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುವುದು ಒಳಿತು. ಒಪ್ಪಿ ಬಿಟ್ಟವನ ಹೊಲದ ಬದುವಿನ ಮೇಲೆ ಅರ್ಧ ಗಂಟೆ ಕುಳಿತು ಮಾತನಾಡಿದರೆ, ಗುರಿ ಸಾಧನೆಯ ಪಟ್ಟಿಯಲ್ಲಿ ಕಾಣದ ಸಂಗತಿಗಳು ತಿಳಿಯುತ್ತವೆ. ಮುಂದಿನ ವರ್ಷದ ಕ್ರಿಯಾಯೋಜನೆಯನ್ನು ಆ ತಿಳಿವಿನ ಮೇಲೆ ರೂಪಿಸಬೇಕೆಂದು ಕೋರಲಾಗಿದೆ.