ಬಾಗಿದರೂ ಬಿರಿಯದ ಬಣ್ಣ

ಮಕ್ಕಳೇ, ಕಾರಿನ ಮುಂಭಾಗವನ್ನು ಎಂದಾದರೂ ಬಗ್ಗಿ ನೋಡಿದ್ದೀರಾ? ಕೆಲವು ಕಾರುಗಳಲ್ಲಿ ಬಂಪರಿನ ಕೆಳಗೆ, ನೆಲಕ್ಕೆ ಹತ್ತಿರವಾಗಿ, ತುಟಿಯಂತೆ ಚಾಚಿಕೊಂಡ ಒಂದು ಪಟ್ಟಿ ಇರುತ್ತದೆ. ಇದೇ ಮುಂಭಾಗದ ಸ್ಪಾಯ್ಲರ್. ಕಾರು ಓಡುವಾಗ ಅದರ ಅಡಿಗೆ ನುಗ್ಗುವ ಗಾಳಿಯನ್ನು ಇದು ಕಡಿಮೆ ಮಾಡುತ್ತದೆ. ಉಳಿದ ಭಾಗವೆಲ್ಲ ಹೊಳೆಯುತ್ತಿದ್ದರೂ ಇಲ್ಲಿ ಮಾತ್ರ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿರುವುದುಂಟು. ಏಕೆ?

ಮುಂದಿನ ವಾಹನದ ಚಕ್ರಗಳು ಚಿಮ್ಮಿಸುವ ಕಲ್ಲುಗಳು ಹೆಚ್ಚಾಗಿ ಬಡಿಯುವುದು ಇಲ್ಲಿಗೇ. ಕಲ್ಲು ಬಡಿಯುವ ವೇಗ ಎರಡು ಪಟ್ಟಾದರೆ ಅದರ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ!

ಹಾಗಾದರೆ ತುಂಬಾ ಗಟ್ಟಿಯಾದ ಬಣ್ಣ ಹಚ್ಚಿದರೆ ಸಾಕಲ್ಲವೇ? ಕಬ್ಬಿಣದ ಕುರ್ಚಿಗಳಿಗೆ ಪೌಡರ್ ಕೋಟಿಂಗ್ ಮಾಡುತ್ತಾರೆ. ಬಣ್ಣದ ಪುಡಿಯನ್ನು ಸಿಂಪಡಿಸಿ, ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಆದರೆ ಅನೇಕ ಸ್ಪಾಯ್ಲರ್‌ಗಳು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಅದು ಸುಮಾರು 160 ಡಿಗ್ರಿಯಲ್ಲೇ ಕರಗಿಬಿಡುತ್ತದೆ. ಅಲ್ಲದೆ, ಪೆಟ್ಟು ಬಿದ್ದಾಗ ಪ್ಲಾಸ್ಟಿಕ್ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಅದರೊಂದಿಗೆ ಬಾಗಲಾರದ ಬಣ್ಣ ಬಿರಿದು ಉದುರುತ್ತದೆ.

ಆದ್ದರಿಂದ ಪೇಂಟರ್‌ಗಳು ಹೀಗೆ ಮಾಡುತ್ತಾರೆ:

1. ಜಿಡ್ಡು ತೊಳೆದು, ಉಪ್ಪುಕಾಗದದಿಂದ ಹಗುರವಾಗಿ ಉಜ್ಜುತ್ತಾರೆ.
2. ಪಾಲಿಪ್ರೊಪಿಲೀನ್‌ಗೆ ಬಣ್ಣ ಸುಲಭವಾಗಿ ಅಂಟದು. ಅದಕ್ಕಾಗಿ ಪ್ಲಾಸ್ಟಿಕ್ಕಿಗೆಂದೇ ತಯಾರಿಸಿದ ಪ್ರೈಮರ್ ಹಚ್ಚುತ್ತಾರೆ.
3. ಅದರ ಮೇಲೆ ಬಣ್ಣ ಹಚ್ಚುತ್ತಾರೆ.
4. ಕೊನೆಗೆ ಬಾಗುವ ಗುಣವುಳ್ಳ ಪಾಲಿಯುರಿಥೇನ್‌ನ ಪಾರದರ್ಶಕ ಪದರ. ಇದು ಬಿಸಿಲಿನ ನೇರಳಾತೀತ ಕಿರಣಗಳಿಂದಲೂ ಬಣ್ಣವನ್ನು ಕಾಪಾಡುತ್ತದೆ.

ಎಚ್ಚರಿಕೆ: ಪಾಲಿಯುರಿಥೇನ್ ಬಣ್ಣವನ್ನು ಗಟ್ಟಿ ಮಾಡಲು ಬೆರೆಸುವ ದ್ರವದಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಸಿಂಪಡಿಸುವಾಗ ಉಸಿರಿನೊಂದಿಗೆ ಒಳಸೇರಿದರೆ ಆಸ್ತಮಾ ಬರಬಹುದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಈ ಕೆಲಸಕ್ಕೆಂದೇ ಇರುವ ಉಸಿರಾಟದ ಮುಖವಾಡ ಬೇಕು. ನಿಮ್ಮ ಮನೆಯವರು ಗ್ಯಾರೇಜಿನಲ್ಲಿ ಪೇಂಟಿಂಗ್ ಕೆಲಸ ಮಾಡುತ್ತಿದ್ದರೆ ಈ ವಿಷಯವನ್ನು ತಪ್ಪದೆ ತಿಳಿಸಿ. ಸಿಂಪಡಿಸುವ ಜಾಗಕ್ಕೆ ನೀವು ಹೋಗಬೇಡಿ.

ಮಾಡಿ ನೋಡಿ: ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಪಟ್ಟಿ ಕತ್ತರಿಸಿ, ತೊಳೆದು ಒರೆಸಿ. ಒಂದಕ್ಕೆ ನೀರಿನಲ್ಲಿ ಕಲಸಿದ ಜೇಡಿಮಣ್ಣು, ಇನ್ನೊಂದಕ್ಕೆ ಮರಗೆಲಸದ ಬಿಳಿ ಅಂಟನ್ನು ತೆಳುವಾಗಿ ಸವರಿ. ಒಂದು ದಿನ ಒಣಗಿಸಿ. ಈಗ ಎರಡನ್ನೂ ಬಾಗಿಸಿ. ಯಾವುದು ಬಿರಿಯಿತು? ಯಾವುದು ಪಟ್ಟಿಯೊಂದಿಗೇ ಬಾಗಿತು?

ಬಾಳಿಕೆ ಬರುವ ಬಣ್ಣವೆಂದರೆ ಬರೀ ಗಟ್ಟಿಯಾದದ್ದಲ್ಲ, ತಾನು ಅಂಟಿಕೊಂಡ ವಸ್ತುವಿಗೆ ಹೊಂದಿಕೊಳ್ಳುವಂಥದ್ದು ಎಂಬುದು ನಿಮಗೇ ತಿಳಿಯುತ್ತದೆ.

ಯೋಚಿಸಿ: ಬಣ್ಣ ಹೋದ ಕಡೆ ಕಬ್ಬಿಣದ ಗೇಟು ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಸ್ಪಾಯ್ಲರ್ ತುಕ್ಕು ಹಿಡಿಯುವುದೇ? ಏಕೆ?