ಸಾಕೆಟ್‌ನಲ್ಲಿ ಮೂರು ಅಳತೆ: ನಿಮ್ಮ ಮನೆಯ ಅರ್ಥಿಂಗ್ ಸರಿ ಇದೆಯೇ?

ಗೀಸರ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಎಲೆಕ್ಟ್ರಿಷಿಯನ್‌ನನ್ನು ಕರೆಸುತ್ತೀರಿ. ಕೆಲವರು ಸಾಕೆಟ್ ಬಿಚ್ಚಿ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಗೇಣುದ್ದ ವೈರ್ ಸಿಕ್ಕಿಸಿ ಐದು ನಿಮಿಷದಲ್ಲಿ ಹೊರಟುಬಿಡುತ್ತಾರೆ. ಜುಮ್ಮೆನ್ನುವುದು ನಿಲ್ಲುತ್ತದೆ, ಅಪಾಯ ಶುರುವಾಗುತ್ತದೆ.

‘ಎರಡೂ ಹೋಗಿ ಸೇರೋದು ಭೂಮಿಗೇ ತಾನೆ?’ ಎಂಬುದು ಅವರ ವಾದ. ಟ್ರಾನ್ಸ್‌ಫಾರ್ಮರ್ ಬಳಿ ನ್ಯೂಟ್ರಲನ್ನು ಭೂಮಿಗೆ ಜೋಡಿಸಿರುವುದು ನಿಜ. ಆದರೆ ಮನೆಯೊಳಗೆ ನ್ಯೂಟ್ರಲ್ ದಿನವಿಡೀ ಕರೆಂಟ್ ಹೊರುವ ವೈರ್. ಅರ್ಥ್ ವೈರ್‌ಗೆ ಕೆಲಸ ಬರುವುದು ಎಲ್ಲೋ ಲೀಕ್ ಆದಾಗ. ಇವೆರಡನ್ನೂ ಸಾಕೆಟ್‌ನಲ್ಲೇ ಸೇರಿಸಿದ ಮೇಲೆ ಒಂದು ದಿನ ನ್ಯೂಟ್ರಲ್ ಕಡಿದರೆ, 230 ವೋಲ್ಟ್ ಕಾಯಿಲ್ ದಾಟಿ ಆ ತುಂಡು ವೈರ್ ಮೂಲಕ ಗೀಸರ್‌ನ ಮೈಗೇ ಬರುತ್ತದೆ.

ಬಿಚ್ಚದೆಯೇ ಇದನ್ನು ಪತ್ತೆ ಮಾಡಬಹುದು. ಬೇಕಾದದ್ದು ಸಾಧಾರಣ ಮಲ್ಟಿಮೀಟರ್. ಟೆಸ್ಟರ್ ಸಾಲದು, ಅದು ಫೇಸ್ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ.

1. ಮೀಟರನ್ನು ಎಸಿ 600 ಅಥವಾ 750 ವೋಲ್ಟ್‌ಗೆ ತಿರುಗಿಸಿ. ಕೆಂಪು ವೈರ್ ‘10 ಎ’ ತೂತಿನಲ್ಲಿಲ್ಲ ಎಂದು ನೋಡಿಕೊಳ್ಳಿ. ಕಾಲಿಗೆ ಒಣ ಚಪ್ಪಲಿ ಇರಲಿ, ಮೀಟರ್ ಕಡ್ಡಿಯ ಲೋಹದ ತುದಿಗೆ ಬೆರಳು ತಾಗಬಾರದು.

2. ಸಾಕೆಟ್‌ಗೆ ಮುಖಮಾಡಿ ನಿಂತರೆ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಫೇಸ್–ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು. ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ 60, 90 ಎಂದು ಅಂಕಿ ಓಲಾಡುತ್ತಿದ್ದರೆ ಅರ್ಥ್ ವೈರ್ ಎಲ್ಲೋ ತುಂಡಾಗಿದೆ, ಇಲ್ಲವೇ ಎಳೆದೇ ಇಲ್ಲ.

3. ನ್ಯೂಟ್ರಲ್–ಅರ್ಥ್ ನಡುವೆ ಅಳೆಯಿರಿ. ಒಂದೆರಡು ವೋಲ್ಟ್ ಸಹಜ. 230 ಬಂದು, ಫೇಸ್–ಅರ್ಥ್ ನಡುವೆ ಸೊನ್ನೆ ಬಂದರೆ ಫೇಸ್, ನ್ಯೂಟ್ರಲ್ ಅದಲುಬದಲಾಗಿವೆ. ಇನ್ನು ಅದೇ ಸಾಲಿನಲ್ಲಿ ಇಸ್ತ್ರಿಪೆಟ್ಟಿಯಂಥ ಭಾರದ ಲೋಡ್ ಹಾಕಿ ಮತ್ತೆ ನೋಡಿ. ನ್ಯೂಟ್ರಲ್‌ನಲ್ಲಿ ಕರೆಂಟ್ ಹೆಚ್ಚಿದಾಗ ಅಂಕಿ ಕೊಂಚವಾದರೂ ಏರಬೇಕು. ಅಲುಗಾಡದೆ ಸೊನ್ನೆಯಲ್ಲೇ ಕುಳಿತಿದ್ದರೆ ಒಳಗೆ ಆ ಗೇಣುದ್ದ ವೈರ್ ಇರುವ ಅನುಮಾನ ಬಲವಾಗುತ್ತದೆ. ಲೋಡ್ ಹಾಕಿದಾಗ ಅಂಕಿ ಹತ್ತನ್ನು ದಾಟಿದರೆ ನ್ಯೂಟ್ರಲ್ ಜಾಯಿಂಟ್ ಸಡಿಲವಾಗಿರಬಹುದು.

4. ಮೇನ್ ಬೋರ್ಡ್‌ನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯೇ ನೋಡಿ. ‘ಎಂಸಿಬಿ ಇದೆಯಲ್ಲ’ ಎನ್ನುವವರೇ ಹೆಚ್ಚು. ಲೆಕ್ಕ ಹಾಕಿ: ಭೂಮಿಯ ದಾರಿಯ ರೋಧ ಒಟ್ಟು 10 ಓಮ್ ಇದ್ದರೆ 230 ವೋಲ್ಟ್‌ಗೆ ಹರಿಯುವುದು 23 ಆಂಪ್. 32 ಆಂಪ್‌ನ ಎಂಸಿಬಿಗೆ ಅದು ಮಾಮೂಲಿ ಲೋಡ್, ಬೀಳುವುದೇ ಇಲ್ಲ. ಅರ್ಥಿಂಗ್ ಇದ್ದೂ ಮಿಕ್ಸಿಯ ಮೈಯಲ್ಲಿ ಕರೆಂಟ್ ಹಾಗೇ ಇರುತ್ತದೆ. ಆರ್‌ಸಿಸಿಬಿ ಆದರೆ ಹೋದ ಕರೆಂಟ್, ಮರಳಿದ ಕರೆಂಟ್ ಎರಡನ್ನೂ ತಾಳೆ ಹಾಕಿ, ವ್ಯತ್ಯಾಸ ಕಂಡ ತಕ್ಷಣ ಬೀಳುತ್ತದೆ. ತಿಂಗಳಿಗೊಮ್ಮೆ ಅದರ ‘ಟಿ’ ಗುಂಡಿ ಒತ್ತಿ ನೋಡಿ.

ನ್ಯೂಟ್ರಲ್–ಅರ್ಥ್ ಎಲ್ಲಾದರೂ ಸೇರಿಕೊಂಡಿದ್ದರೂ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುತ್ತದೆ. ಆಗ ‘ಇದು ಕೆಟ್ಟಿದೆ’ ಎಂದು ಅದನ್ನೇ ಬೈಪಾಸ್ ಮಾಡುವ ಮಹಾಶಯರಿದ್ದಾರೆ. ಖಂಡಿತ ಬಿಡಬೇಡಿ. ತಪ್ಪು ಎಲ್ಲಿದೆ ಎಂದು ಹುಡುಕಲು ಹೇಳಿ: ಕಪ್ಪು ವೈರ್‌ಗಳೆಲ್ಲ ನ್ಯೂಟ್ರಲ್ ಪಟ್ಟಿಗೆ, ಹಸಿರು ವೈರ್‌ಗಳೆಲ್ಲ ಅರ್ಥ್ ಪಟ್ಟಿಗೆ ಹೋಗಿರಬೇಕು.

5. ಕೊನೆಗೆ ಅಂಗಳದ ಅರ್ಥ್ ಗುಂಡಿ. ಅನೇಕ ಮನೆಗಳಲ್ಲಿ ಟೈಲ್ಸ್ ಹಾಕಿಸುವಾಗ ಅದೂ ಮುಚ್ಚಿಹೋಗಿರುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ತೇವವೇ ಜೀವ. ಬಯಲುಸೀಮೆಯ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಹುಯ್ಯಿರಿ. ಪೈಪಿನ ನೆತ್ತಿಯ ನಟ್ ತುಕ್ಕು ಹಿಡಿದಿದ್ದರೆ ಲೈಸೆನ್ಸ್ ಇರುವವರಿಂದ ಬದಲಿಸಿ, ಅರ್ಥ್ ಟೆಸ್ಟರ್ ತಂದು ರೋಧ ಅಳೆದುಕೊಡಲು ಕೇಳಿ. ಆ ಅಂಕಿಯನ್ನು ತಾರೀಖಿನ ಜೊತೆ ಮೇನ್ ಬೋರ್ಡ್ ಬಾಗಿಲ ಒಳಗೆ ಬರೆದಿಡಿ, ಮುಂದಿನ ವರ್ಷ ಹೋಲಿಸಲು ಬೇಕಾಗುತ್ತದೆ.