ನಲ್ಲೂರು ತೋಪಿನಲ್ಲಿ ಮರ ನೋಡುವುದು

ಕೆಜಿಎಫ್‌ನಲ್ಲಿ ಬೆಳೆದ ನಮಗೆ ಹಳೆಯದು, ದೊಡ್ಡದು ಅನ್ನುವುದೆಲ್ಲ ನೆಲದಡಿಯೇ ಇತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ನೆಲದ ಮೇಲೆ ಕಾಣುತ್ತಿದ್ದದ್ದು ಸೈನೈಡ್ ದಿಬ್ಬ, ಅದರಾಚೆ ನೀಲಗಿರಿ ತೋಪು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ದಿಬ್ಬ ಉಳಿಯಿತು. ನಾಲ್ಕು ತಲೆಮಾರು ಕಂಡ ಮರವೊಂದನ್ನು ನೋಡಬೇಕೆಂದರೆ ಊರು ಬಿಟ್ಟು ಹೊರಡಬೇಕಿತ್ತು.

ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಮ್ಯೂರ್ ವುಡ್ಸ್‌ನ ರೆಡ್‌ವುಡ್ ಮರಗಳ ಫೋಟೊ ನಮ್ಮ ಮನೆಯವರ ಫೋನಿಗೂ ಬರುತ್ತವೆ. ಅಲ್ಲಿ ಕೆಲಸಕ್ಕಿರುವ ಮಕ್ಕಳು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಜಾಗ ಅದು. ಬಂಗಾರಪೇಟೆಯಿಂದ ಕೋಲಾರ, ಹೊಸಕೋಟೆ, ಸೂಲಿಬೆಲೆ ದಾಟಿದರೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಸಿಗುತ್ತದೆ. ಅಲ್ಲಿಯ ಹುಣಸೆ ತೋಪನ್ನು ನಮ್ಮವರಲ್ಲಿ ನೋಡಿದವರು ಕಡಿಮೆ. 50 ಎಕರೆಗೂ ಹೆಚ್ಚು ಜಾಗದಲ್ಲಿ ಸುಮಾರು 300 ಮರ. ಚೋಳರ ಕಾಲದ್ದು ಎನ್ನುತ್ತಾರೆ ಊರವರು. ಕೆಲವು ಮರಗಳಿಗೆ 400 ವರ್ಷ ದಾಟಿದೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಣೆಯಾದದ್ದು ಇದೇ ತೋಪು.

ಬಂಗಾರಪೇಟೆ ಹತ್ತಿರ ಮಾವಿನ ತೋಟ ಮಾಡಿರುವ ಚಿಕ್ಕಪ್ಪನನ್ನು ಜೊತೆಗೆ ಕರೆದುಕೊಂಡು ಹೋದದ್ದು ದೊಡ್ಡ ಲಾಭವಾಯಿತು. ಹಳೆ ಮರವನ್ನು ನೋಡಲು ಗೊತ್ತಿರುವವರು ಬೇಕು. ನಾನು ಹಗ್ಗದಂತೆ ತಿರುಚಿಕೊಂಡ ಕಾಂಡಗಳನ್ನೇ ನೋಡುತ್ತಿದ್ದೆ. ಒಂದರ ಪೊಟರೆಯಲ್ಲಿ ಮಗುವೊಂದು ಆರಾಮಾಗಿ ಕೂರಬಹುದಿತ್ತು. ಒಳಗೆ ಕೈ ಹಾಕಿದರೆ ತಿರುಳು ಪುಡಿಪುಡಿ; ಹೊರಗಿನ ಸುತ್ತು ಮಾತ್ರ ಗಟ್ಟಿ. ಅಷ್ಟರಿಂದಲೇ ಮರ ನೀರೆಳೆದುಕೊಂಡು ಮೇಲೆ ಚಿಗುರಿತ್ತು. ಹುಣಸೆಯ ಜೀವವೆಲ್ಲ ತೊಗಟೆಯ ಪಕ್ಕದ ಆ ಪದರಿನಲ್ಲೇ ಇರುವುದು. ಟೊಳ್ಳಾದ ಮರ ಸತ್ತಂತೆಯೇ ಎಂದು ಕಡಿಸುವವರನ್ನು ಈಚೆಗೆ ನಾನು ಸುಮ್ಮನೆ ಬಿಡುವುದಿಲ್ಲ.

ಚಿಕ್ಕಪ್ಪನ ಕಣ್ಣು ಕೊಂಬೆಗಳ ಮೇಲಿತ್ತು. “ಅಲ್ನೋಡು, ಹಸುರಾಗಿರೋದು ಮರ ಅಲ್ಲಪ್ಪ, ಬದನಿಕೆ” ಎಂದರು. ಹುಣಸೆಯ ಸಣ್ಣ ಎಲೆಗಳ ನಡುವೆ ದಪ್ಪ, ಅಗಲ ಎಲೆಯ ಪೊದೆಗಳು. ಅದು ಕೊಂಬೆಗೆ ಅಂಟಿದ ಕಡೆ ಮುಷ್ಟಿಗಾತ್ರದ ಗಂಟು. ಗಂಟಿನಿಂದ ಆಚೆ ಕೊಂಬೆ ಒಣಗಿ ನಿಂತಿತ್ತು. ಬದನಿಕೆ ತನ್ನ ಎಲೆಯಲ್ಲಿ ತಾನೇ ಅಡುಗೆ ಮಾಡಿಕೊಂಡರೂ ನೀರು, ಲವಣ ಎಲ್ಲ ಮರದ್ದೇ. ಹಣ್ಣು ತಿಂದ ಹಕ್ಕಿ ಅಂಟುಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತದೆ. ನಮ್ಮ ಕಡೆ ಮಾವು ಬೆಳೆಯುವವರಿಗೆ ಈ ಕಾಟ ಚೆನ್ನಾಗಿ ಗೊತ್ತು. “ಗಂಟಿನ ಕೆಳಗಿಂದ ಕೊಯ್ಬೇಕು, ಬರೀ ಪೊದೆ ಕಿತ್ರೆ ಮತ್ತೆ ಚಿಗುರುತ್ತೆ.”

ಆಮೇಲೆ ನಾನು ನೆಲ ನೋಡತೊಡಗಿದೆ. ಉದುರಿದ ಹಣ್ಣು, ಬೀಜ ಬೇಕಾದಷ್ಟು. ಮೊಣಕಾಲೆತ್ತರದ ಸಸಿಗಾಗಿ ಬಹಳ ಹುಡುಕಬೇಕಾಯಿತು. ಮುದಿಮರಗಳ ಮಧ್ಯೆ ಎಳೆಮರ ಎಷ್ಟಿವೆ ಎಂದು ನೋಡದೆ ತೋಪು ಚೆನ್ನಾಗಿದೆ ಎಂದು ಯಾರೂ ಹೇಳಬಾರದು, ಎಷ್ಟೇ ನೆರಳಿರಲಿ. ನೂರು ವರ್ಷದ ಮರ ಬೇಕಾದರೆ ನೂರು ವರ್ಷ ಕಾಯಲೇಬೇಕು, ಬೇರೆ ದಾರಿಯಿಲ್ಲ.

ಹೋಗುವವರು ಮಾಘ, ಫಾಲ್ಗುಣದಲ್ಲಿ ಹೋಗಿ. ಹಣ್ಣಾಗುವ ಕಾಲ ಅದು. ಆಗ ಹುಣಸೆಯ ಎಲೆ ವಿರಳವಾಗಿರುವುದರಿಂದ ಬದನಿಕೆಯೂ ಎದ್ದು ಕಾಣುತ್ತದೆ. ಬೇರುಗಳ ಮೇಲೆ ಗಾಡಿ ಹತ್ತಿಸಬೇಡಿ, ಮಣ್ಣು ಗಟ್ಟಿಯಾದರೆ ನೀರು ಇಂಗುವುದಿಲ್ಲ.

ಹುಣಸೆ ಬಡಿಯುವವರು ಆ ಕಾಲಕ್ಕೆ ಹೇಗೂ ಮರ ಹತ್ತುತ್ತಾರೆ. ಯಾವ ಕೊಂಬೆ ತೂಕ ತಡೆಯುತ್ತದೆ, ಯಾವುದು ಮುರಿಯುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ಹಣ್ಣಿನ ಕೂಲಿಯ ಜೊತೆಗೆ ಬದನಿಕೆ ಕೊಯ್ಯುವ ಕೂಲಿಯನ್ನೂ ಸೇರಿಸಿ, ಪ್ರತಿ ವರ್ಷ ಅವರ ಕೈಯಲ್ಲೇ ಆ ಕೆಲಸ ಮಾಡಿಸಬೇಕು.